ಅತ್ತೆಯವರ ರಟ್ಟಿನ ಮರೆ

ಚುನಾವಣೆಯ ಶಾಯಿ ಮೈಲಿಗೆಯೋ ಅಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ಪ್ರಶ್ನೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಭಾಗಮಂಡಲದ ದಾರಿಯಿಂದ ಒಂದಿಷ್ಟು ಒಳಗೆ, ಕಾಫಿ ತೋಟಗಳ ನಡುವಿನ ಚಿಕ್ಕ ಊರು. ನನ್ನ ಮಾವನವರ ಕಾಲದಲ್ಲಿ ಮತ ಹಾಕಿ ಬಂದವರು ನೇರ ಬಚ್ಚಲಿಗೆ ಹೋಗಿ, ತಲೆಗೆ ನೀರು ಸುರಿದುಕೊಂಡ ಮೇಲೆಯೇ ಒಳಗೆ ಕಾಲಿಡಬೇಕಿತ್ತು. ಆದರೆ ಮೈ ತೊಳೆದರೂ ಆ ಕಪ್ಪು ಗೆರೆ ಹೋಗುವುದಿಲ್ಲವಲ್ಲ. ಎಡಗೈಯ ತೋರುಬೆರಳಿನಲ್ಲಿ ಅದನ್ನು ಹೊತ್ತುಕೊಂಡೇ ಗರ್ಭಗುಡಿಗೆ ಹೋಗಬೇಕು, ಮಂಗಳಾರತಿಯ ಹೊತ್ತಿಗೆ ಗಂಟೆ ಹಿಡಿಯುವುದೂ ಅದೇ ಕೈ. ಮಾವನವರು ಬಹಳ ಯೋಚಿಸಿ, ಇದು ಸರ್ಕಾರ ಹಚ್ಚಿದ್ದೇ ಹೊರತು ತಾವಾಗಿ ಹಚ್ಚಿಕೊಂಡದ್ದಲ್ಲ ಎಂದು ತಮಗೆ ತಾವೇ ವಿನಾಯಿತಿ ಕೊಟ್ಟುಕೊಂಡರು. ಹೆಂಗಸರ ಬೆರಳಿಗೆ ಮಾತ್ರ ಆ ವಿನಾಯಿತಿ ಸಿಗಲಿಲ್ಲ. ಗೆರೆ ಮಾಸುವವರೆಗೆ ನಾವು ನೈವೇದ್ಯದ ಪಾತ್ರೆಯನ್ನು ಎಡಗೈಯಲ್ಲಿ ಮುಟ್ಟುವಂತಿರಲಿಲ್ಲ. ಒಂದೇ ಕೈಯಲ್ಲಿ ಕಾಯಿ ತುರಿಯುವುದು ಹೇಗೆಂದು ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆಯವರು ಕೇಳಲಿಲ್ಲ, ಎಡಗೈಯನ್ನೂ ಸೇರಿಸಿಯೇ ತುರಿದರು, ಯಾರೂ ನೋಡಲಿಲ್ಲ.

ಮಿತ್ರರೇ, ನಾನು ಸ್ವಭಾವದಿಂದಲೇ ಗಾಬರಿಯ ಹೆಂಗಸು. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನೋಡುವವಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ, ಗಾಬರಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಆದ್ದರಿಂದ ಈ ಸಲದ ಚುನಾವಣೆಯಲ್ಲಿ ನನ್ನ ಎದೆ ಯಾಕೆ ಅಷ್ಟು ಹೊಡೆದುಕೊಂಡಿತು ಎಂದು ಹೇಳುವಾಗ ನೀವು ಸ್ವಲ್ಪ ಸೋಡಿ ಬಿಟ್ಟೇ, ಹೇಳಿದ್ದರಲ್ಲಿ ಅರ್ಧ ಕಳೆದೇ ಕೇಳಬೇಕು.

ನನ್ನ ಅತ್ತೆಯವರು ಮತ ಹಾಕದ ಚುನಾವಣೆ ನಮ್ಮ ಊರಿನಲ್ಲಿ ನಡೆದೇ ಇಲ್ಲ. ಮೊದಲನೆಯದಕ್ಕೆ ಹೋಗುವಾಗ ನನ್ನ ದೊಡ್ಡ ನಾದಿನಿ ಅವರ ಕಂಕುಳಲ್ಲಿದ್ದರಂತೆ. ಆಗ ಕೊಡಗು ಒಂದು ಪುಟ್ಟ ರಾಜ್ಯ. ತನ್ನದೇ ವಿಧಾನಸಭೆ, ತನ್ನದೇ ಮಂತ್ರಿಗಳು. ಅಭ್ಯರ್ಥಿಗೊಂದರಂತೆ ಚಿತ್ರ ಅಂಟಿಸಿದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಆಮೇಲೆ ರಾಜ್ಯ ಹೋಗಿ ಜಿಲ್ಲೆಯಾಯಿತು. ವಿಧಾನಸಭೆಗೆ ನಮ್ಮ ಪಾಲಿಗೆ ಮೂರು ಕ್ಷೇತ್ರಗಳಿದ್ದವು, ಅವು ಎರಡಾದವು. ಲೋಕಸಭೆಗೆ ಒಂದು ಕಾಲದಲ್ಲಿ ಘಟ್ಟದ ಕೆಳಗಿನ ಮಂಗಳೂರಿನವರ ಜೊತೆ ಮತ ಹಾಕುತ್ತಿದ್ದೆವು, ಈಗ ಬಯಲಿನ ಮೈಸೂರಿನವರ ಜೊತೆ. ಕಂದಾಯ ಕಟ್ಟಲಿಕ್ಕೆ ಒಂದು ಊರು, ಶಾಸಕರನ್ನು ಹುಡುಕಲಿಕ್ಕೆ ಇನ್ನೊಂದು ಊರು. ಅತ್ತೆಯವರು ಅಷ್ಟೂ ವರ್ಷ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಇದ್ದರು. ಕ್ಷೇತ್ರವೇ ಅವರನ್ನು ಬಿಟ್ಟು ಎಲ್ಲೆಲ್ಲೋ ತಿರುಗಾಡಿಕೊಂಡಿತ್ತು. ಇನ್ನು ಮುಂದೆ ತಲೆ ಎಣಿಸಿ ಕ್ಷೇತ್ರದ ಗೆರೆ ಎಳೆದರೆ ನಮಗುಳಿಯುವುದು ಒಂದೇ ಅಂತೆ, ಅದೂ ಪಕ್ಕದವರ ಜೊತೆ ಹಂಚಿಕೊಂಡು ಅಂತೆ, ಎಂದು ಸಂತೆಯಲ್ಲಿ ಮಾತು. ಕಾಡು ಜಾಸ್ತಿ, ಆನೆ ಜಾಸ್ತಿ, ತಲೆ ಕಡಿಮೆ ಇರುವ ಸೀಮೆ ನಮ್ಮದು.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಮತದಾನದ ಹಿಂದಿನ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ, ಮಾವನವರು ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ, ಮೊದಲ ತುತ್ತಿಗೆ ಮುಂಚೆ, ಈ ಸಲ ಯಾವ ಗುರುತಿಗೆ ಎಂದು ಹೇಳಿಬಿಡುತ್ತಿದ್ದರು. ವಾದವಿಲ್ಲ, ವಿವರಣೆಯಿಲ್ಲ. ಗಂಡಸರು ತಲೆಯಾಡಿಸುತ್ತಿದ್ದರು, ಬಡಿಸುತ್ತಿದ್ದ ನಾವು ಸಾರಿನ ಸೌಟು ಹಿಡಿದೇ ತಲೆಯಾಡಿಸುತ್ತಿದ್ದೆವು. ದೇವಸ್ಥಾನಕ್ಕೆ ಬಂದ ಅಭ್ಯರ್ಥಿಗೆ ಪ್ರಸಾದದ ಜೊತೆಗೇ ಅವರು ಮನೆಯ ಮತಗಳನ್ನೂ ಕೊಟ್ಟು ಕಳಿಸುತ್ತಿದ್ದರು. ಮಾವನವರು ಹೋದ ಮೇಲೆ ಆ ಮಾತು ನನ್ನ ಯಜಮಾನರಿಗೆ ಬಂತು, ಪೂಜೆಯ ಪಾಳಿಯ ಜೊತೆಗೇ. ನನ್ನವರು ಸಾಧು. ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಊಟದ ಎಲೆಯ ಮುಂದೆ ಅದನ್ನು ಹೇಳುವಾಗ ಅವರ ಗಂಟಲು ಥೇಟು ಮಾವನವರದ್ದೇ ಆಗುತ್ತದೆ.

ಇನ್ನು ಈ ಸಲದ ಸಂಗತಿ. ಅತ್ತೆಯವರ ಮೊಣಕಾಲು ಹೋಗಿ ವರ್ಷಗಳಾದವು. ಶಾಲೆಯ ಮತಗಟ್ಟೆ ಏರಿನ ಮೇಲಿದೆ. ವಯಸ್ಸಾದವರ ಮತವನ್ನು ಮನೆಗೇ ಬಂದು ತೆಗೆದುಕೊಳ್ಳುತ್ತಾರೆ, ಒಪ್ಪಿಗೆ ಬರೆದುಕೊಟ್ಟರೆ ಸಾಕು ಎಂದು ಅಂಗನವಾಡಿಯ ಟೀಚರ್ ಬಂದು ಹೇಳಿದರು. ಎಲ್ಲರಿಗೂ ಸಮಾಧಾನವಾಯಿತು. ಅತ್ತೆಯವರು ಸಹಿ ಹಾಕಿದರು. ಆ ಟೀಚರ್ ಗೇಟು ದಾಟಿದ ಮೇಲೆ ಅತ್ತೆಯವರು ಕೇಳಿದರು:

"ಹಾಗಾದ್ರೆ ನಾನು ಶಾಲೆಗೆ ಹೋಗ್ಲಿಕ್ಕೆ ಇಲ್ಲವಾ?"

"ಇಲ್ಲಮ್ಮ, ಇಲ್ಲಿ ಒಪ್ಪಿದ ಮೇಲೆ ಅಲ್ಲಿ ಹಾಕ್ಲಿಕ್ಕೆ ಬಿಡುವುದಿಲ್ಲ. ಆರಾಮಾಯ್ತಲ್ಲ," ಎಂದರು ನನ್ನವರು.

ಅತ್ತೆಯವರು ಆ ದಿನ ರಾತ್ರಿ ಊಟ ಬೇಡ ಎಂದರು, ಮರುದಿನ ಕಾಫಿಯನ್ನೂ ಅರ್ಧಕ್ಕೇ ಬಿಟ್ಟರು. ನಾನು ಜ್ವರವೋ ಎಂದು ಹಣೆ ಮುಟ್ಟಿ ನೋಡಿದೆ.

ಕಾರಣ ಗೊತ್ತಾದದ್ದು ಎರಡು ದಿನ ಬಿಟ್ಟು. ಜಗಲಿಯಲ್ಲಿ ಇಬ್ಬರೂ ಒಣಗಿದ ಕರಿಮೆಣಸಿನಲ್ಲಿ ಕಡ್ಡಿ ಆರಿಸುತ್ತಿದ್ದೆವು. ಅವರು ಕೈ ನಿಲ್ಲಿಸದೆ, ನನ್ನನ್ನು ನೋಡದೆ ಹೇಳಿದರು:

"ಶಾಲೆಯಲ್ಲಿ ಒಂದು ರಟ್ಟು ಮಡಚಿ ನಿಲ್ಲಿಸ್ತಾರಲ್ಲ ಲಲಿತಾ, ಅದರ ಹಿಂದೆ ಯಾರೂ ಬರ್ಲಿಕ್ಕಿಲ್ಲ. ನಿನ್ನ ಮಾವನೂ ಬರ್ಲಿಕ್ಕಿಲ್ಲ. ಒಂದು ಸಲ ಬರ್ಲಿಕ್ಕೆ ನೋಡಿದ್ರು, ಪೊಲೀಸಿನವನು ತಡೆದ. ನಾನು ಮದುವೆಯಾಗಿ ಬಂದ ಮೇಲೆ ಒಬ್ಬಳೇ ನಿಂತದ್ದು ಅಂತ ಇದ್ರೆ ಅಲ್ಲಿಯೇ."

ಇಷ್ಟು ಹೇಳಿ ಮತ್ತೆ ಕಡ್ಡಿ ಆರಿಸಿದರು. ಅಷ್ಟೂ ವರ್ಷ ಆ ರಟ್ಟಿನ ಹಿಂದೆ ಅವರು ಏನು ಮಾಡಿದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾಗದದ ಕಾಲದಲ್ಲಿ ಮೊಹರಿನ ಮಸಿ ಇನ್ನೊಂದು ಗುರುತಿಗೆ ತಗಲದಂತೆ ಹೇಗೆ ಮಡಚಬೇಕು ಎಂಬುದನ್ನು ಮಾತ್ರ ಮೆಣಸಿನ ಮೊರದ ಪಕ್ಕದಲ್ಲಿದ್ದ ಒಂದು ಹಳೆಯ ಪೇಪರಿನಲ್ಲಿ ಮಡಚಿ ತೋರಿಸಿದರು. ಮೆಷಿನ್ನು ಅವರಿಗೆ ಅಷ್ಟು ಇಷ್ಟವಿಲ್ಲ. ಗುಂಡಿ ಒತ್ತಿದ ಕೂಡಲೇ ಪೀಂ ಎನ್ನುತ್ತದೆ, ಮುಗಿಯಿತು ಎಂದು ಊರಿಗೆಲ್ಲ ಗೊತ್ತಾಗುತ್ತದೆ, ಮತ್ತೆ ಅಲ್ಲಿ ನಿಲ್ಲಲಿಕ್ಕೆ ಬಿಡುವುದಿಲ್ಲ ಎಂಬುದು ಅವರ ತಕರಾರು. ನಾನು ನಕ್ಕೆ. ನಗುತ್ತಿರುವಾಗಲೇ ನನಗೆ ನನ್ನ ಸೌಟು ಹಿಡಿದ ತಲೆಯಾಟ ನೆನಪಾಗಿ ನಗು ಅರ್ಧಕ್ಕೆ ನಿಂತಿತು. ನನ್ನ ಮತದ ವಿಷಯ ಮಾತ್ರ ನೀವು ಕೇಳಬಾರದು, ಮಿತ್ರರೇ.

ಅಂದಿನಿಂದ ಶುರುವಾಯಿತು ನನ್ನ ಗಾಬರಿ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಮನೆಯವರೊಬ್ಬರು ಜೊತೆಗಿದ್ದು ಮತ ಹಾಕಿಕೊಡಬಹುದು ಎಂದು ನನ್ನವರು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. "ಅಮ್ಮನಿಗೆ ಯಾಕೆ ಸುಮ್ಮನೆ ತೊಂದರೆ, ನಾನೇ ಹಾಕಿಬಿಡ್ತೇನೆ," ಎಂದರು. ಅದರಲ್ಲಿ ಕಪಟ ಒಂದು ಚೂರೂ ಇರಲಿಲ್ಲ. ಅಮ್ಮನ ಮಾತ್ರೆ ಬಿಡಿಸಿ ಕೊಡುವಷ್ಟೇ ಪ್ರೀತಿಯಿಂದ ಅವರು ಅಮ್ಮನ ಮತವನ್ನೂ ಹಾಕಿಕೊಡಲು ಹೊರಟಿದ್ದರು. ಬೇಡ ಎಂದು ನಾನು ಹೇಗೆ ಹೇಳಲಿ? ಯಾಕೆ ಬೇಡ ಎಂದು ಕೇಳುತ್ತಾರೆ. ಅತ್ತೆಯವರಿಗೆ ಅಕ್ಕಿಯಲ್ಲಿನ ಕಲ್ಲು ಇನ್ನೂ ಕಾಣುತ್ತದೆ ಎನ್ನಬಹುದಿತ್ತು; ಕಂಡರೆ ಕಾಣಲಿ, ಮಗ ಪಕ್ಕದಲ್ಲಿದ್ದರೆ ಏನಾಯಿತು ಎನ್ನುತ್ತಾರೆ. ಬಚ್ಚಿಡುವಂಥದ್ದು ಅಮ್ಮನಲ್ಲಿ ಏನಿದೆ ಎಂಬ ಪ್ರಶ್ನೆ ಒಮ್ಮೆ ಅವರ ತಲೆಗೆ ಹೊಕ್ಕರೆ, ಅತ್ತೆಯವರು ಇಡೀ ಆಯುಷ್ಯ ಕಾಪಾಡಿಕೊಂಡದ್ದನ್ನು ನಾನೇ ಬೀದಿಗೆ ತಂದಂತಾಗುತ್ತದೆ. ಸುಮ್ಮನಿದ್ದರೆ ಅವರ ಮತ ಹೋಗುತ್ತದೆ, ಬಾಯಿ ಬಿಟ್ಟರೆ ಅವರ ಗುಟ್ಟು ಹೋಗುತ್ತದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ದೇವರ ಮುಂದೆ ನಿಂತು, ಅಧಿಕಾರಿಗಳು ಬರುವ ದಿನ ಇವರಿಗೆ ದೇವಸ್ಥಾನದಲ್ಲಿ ಯಾವುದಾದರೂ ದೊಡ್ಡ ಸೇವೆ ಬರಲಿ ಎಂದು ಬೇಡಿಕೊಂಡೆ. ಪೂಜಾರಿಯ ಹೆಂಡತಿಯ ಮಾತನ್ನು ದೇವರು ಅಷ್ಟಾಗಿ ಕೇಳುವುದಿಲ್ಲವೆಂದು ಕಾಣುತ್ತದೆ, ಆ ದಿನ ಒಂದು ಪಂಚಕಜ್ಜಾಯದ ಸೇವೆಯೂ ಬರಲಿಲ್ಲ.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಜೀಪು ಬಂತು. ಗೋಣಿಕೊಪ್ಪಲಿನ ಕಡೆಯ ಒಬ್ಬ ಶಾಲಾ ಟೀಚರ್ ಅಧಿಕಾರಿಯಾಗಿ ಬಂದಿದ್ದರು. ಜೊತೆಗೆ ಇನ್ನಿಬ್ಬರು ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವೀಡಿಯೋದವನು. ಅವರಿಗೆ ಆಮೇಲೆ ಕರಿಕೆಗೆ ಹೋಗಲಿಕ್ಕಿತ್ತು, ಆ ತಿರುವುಗಳ ದಾರಿ ನೆನೆದೇ ಟೀಚರಿನ ಮುಖ ಬಾಡಿತ್ತು. ನಡುಮನೆಯಲ್ಲಿ ಮೇಜಿನ ಮೇಲೆ ಮೂರು ಮಡಿಕೆಯ ರಟ್ಟು ಎದ್ದು ನಿಂತಿತು. ಅತ್ತೆಯವರು ಶಾಲೆಗೆ ಹೋಗುವಾಗ ಉಡುವ ಅಂಚಿನ ಸೀರೆಯನ್ನೇ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಹೆಸರು ಕೇಳಿದರು, ಹೇಳಿದರು. ಸಹಿ ಕೇಳಿದರು, ಹಾಕಿದರು. ಕೈ ನಡುಗಿತು, ನಾನು ನೋಡಿದೆ, ನನ್ನವರೂ ನೋಡಿದರು.

"ಅಜ್ಜಿ, ಇದು ಮೆಷಿನ್ ಅಲ್ಲ, ಕಾಗದ. ನಿಮಗೆ ಬೇಕಾದವರ ಹೆಸರಿನ ಎದುರು ಪೆನ್ನಿನಲ್ಲಿ ಗುರುತು ಮಾಡಿ, ಈ ಕವರಿಗೆ ಹಾಕಿ ಅಂಟಿಸ್ಬೇಕು. ನಿಮಗೆ ಸಹಾಯ ಬೇಕಾ?" ಎಂದು ಟೀಚರ್ ಕೇಳಿದರು.

"ಅಮ್ಮನಿಗೆ ಕಣ್ಣು ಅಷ್ಟು ಸರಿ ಇಲ್ಲ ಮೇಡಂ, ನಾನೇ ಇದ್ದೇನೆ," ಎಂದು ನನ್ನವರು ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು.

"ಅವರು ಹೇಳ್ಬೇಕು ಸಾರ್," ಎಂದು ಟೀಚರ್ ಮತ್ತೆ ಅತ್ತೆಯವರ ಕಡೆ ಬಗ್ಗಿದರು. "ಅಜ್ಜಿ, ಸಹಾಯ ಬೇಕಾ?"

"ಬೇಕು," ಎಂದರು ಅತ್ತೆಯವರು.

ನನ್ನವರು ಕುರ್ಚಿ ಎಳೆದರು.

"ನಮ್ಮ ಮನೆಯವರು ಎಲ್ಲರೂ ಅಂಗಳಕ್ಕೆ ಹೋಗ್ಬೇಕು. ಆ ಸಹಾಯ ಒಂದು ಮಾಡಿ," ಎಂದರು ಅತ್ತೆಯವರು.

ಟೀಚರ್ ಪೊಲೀಸಿನವನ ಕಡೆ ನೋಡಿದರು. ಅವನು ಕುಶಾಲನಗರದ ಕಡೆಯ ಹುಡುಗ, ಸಂಕೋಚದಿಂದಲೇ ನನ್ನವರಿಗೆ ಕೈ ಮುಗಿದು, "ಬನ್ನಿ ಭಟ್ರೇ," ಎಂದ. ಹೀಗೆ ನಾವು ನಮ್ಮ ಮನೆಯಿಂದ ಹೊರಬಿದ್ದೆವು. ಅಧಿಕಾರಿಗಳು ಜಗಲಿಯಲ್ಲಿ, ರಟ್ಟಿಗೆ ಬೆನ್ನು ಮಾಡಿ ನಿಂತರು.

ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ನನ್ನವರು ತುಳಸಿಕಟ್ಟೆಯ ನೆರಳಿನಷ್ಟು ಜಾಗದಲ್ಲಿ ನಿಂತು, "ಗುರುತು ಕಾಣದೆ ಎಲ್ಲಾದರೂ ಹಾಕಿಬಿಟ್ರೆ?" ಎಂದರು. ಆ ಪ್ರಶ್ನೆ ನನ್ನೊಳಗೂ ಇತ್ತು. ಗುರುತು ಎರಡು ಹೆಸರಿನ ನಡುವೆ ಬಿದ್ದರೆ ಮತ ಅಸಿಂಧು. ಕೈ ಬೇರೆ ನಡುಗುತ್ತದೆ. ಈ ಒಂದು ಕಾಗದ ಕವರಿನೊಳಗೆ, ಕವರು ಇನ್ನೊಂದು ಕವರಿನೊಳಗೆ ಸೇರಿ, ಘಟ್ಟದ ತಿರುವುಗಳನ್ನೆಲ್ಲ ಹಾದು, ಲಕ್ಷಗಟ್ಟಲೆ ಕಾಗದ ಮತ್ತು ಗುಂಡಿಗಳ ನಡುವೆ ಹೋಗಿ ಬೀಳಬೇಕು. ಒಂದು ರಾಜ್ಯವಾಗಿದ್ದದ್ದು ಜಿಲ್ಲೆಯಾಗಿ, ನಾಳೆ ಯಾವುದೋ ದೊಡ್ಡ ಕ್ಷೇತ್ರದ ಒಂದು ಮೂಲೆಯಾಗುವಾಗ, ಅದರೊಳಗಿನ ಒಬ್ಬ ಮುದುಕಿಯ ನಡುಗುವ ಗುರುತಿಗೆ ಏನು ಬೆಲೆ ಎಂದು ಯೋಚಿಸಿ ನನಗೆ ಅಳು ಬಂದಂತಾಯಿತು. ಅಷ್ಟರಲ್ಲೇ ಇನ್ನೊಂದು ಯೋಚನೆಯೂ ಬಂತು. ಬೆಲೆ ಇಲ್ಲದಿದ್ದರೆ ನಾವೆಲ್ಲ ಹೀಗೆ ಬಿಸಿಲಲ್ಲಿ ಯಾಕೆ ನಿಂತಿದ್ದೇವೆ? ನಲವತ್ತು ಜನಕ್ಕೆ ಒಟ್ಟಿಗೆ ಎಲೆ ಹಾಕುವ ಆ ನಡುಮನೆಯಲ್ಲಿ ಈಗ ಒಬ್ಬರೇ ಇದ್ದಾರೆ. ನಾನು ಸೊಸೆಯಾಗಿ ಬಂದಂದಿನಿಂದ ಅದು ಹಾಗೆ ಖಾಲಿಯಾದದ್ದನ್ನು ಕಂಡಿರಲಿಲ್ಲ.

ಒಳಗಿನಿಂದ ಸದ್ದಿಲ್ಲ. ವೀಡಿಯೋದವನು ಗಡಿಯಾರ ನೋಡಿದ. ಟೀಚರ್ ಮಾತ್ರ ಆ ಕಡೆ ತಿರುಗದೆ, "ನಿಧಾನಕ್ಕೆ ಮಾಡಿ ಅಜ್ಜಿ, ಅವಸರ ಇಲ್ಲ," ಎಂದರು. ಕರಿಕೆಯ ದಾರಿ ಎದುರಿಗಿದ್ದೂ ಹಾಗೆ ಹೇಳಿದ ಆಕೆಯ ಮೇಲೆ ನನಗೆ ತುಂಬ ಮಮತೆ ಉಕ್ಕಿತು. ಕೊನೆಗೆ ಕುರ್ಚಿ ಜರುಗಿದ ಸದ್ದು. ಅತ್ತೆಯವರು ಅಂಟಿಸಿದ ಕವರನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲವರೆಗೆ ಬಂದು ಕೊಟ್ಟರು. ಅದನ್ನು ದೊಡ್ಡ ಕವರಿಗೆ ಸೇರಿಸಿ, ಪೆಟ್ಟಿಗೆಗೆ ಹಾಕಿ, ರಟ್ಟು ಮಡಚಿ, ಅವರೆಲ್ಲ ಜೀಪು ಹತ್ತಿದರು. ನಾನು ಮಜ್ಜಿಗೆ ಕೊಡುತ್ತೇನೆಂದರೂ ನಿಲ್ಲಲಿಲ್ಲ.

ಜೀಪು ತಿರುವಿನಲ್ಲಿ ಮರೆಯಾಯಿತು. ನನ್ನವರು ಕಾಲು ತೊಳೆದುಕೊಂಡು ಮೆಟ್ಟಿಲು ಹತ್ತಿದರು, ನಾನೂ ಹಿಂದೆ ಹೊರಟೆ. ಅತ್ತೆಯವರು ಒಳಗೆ ಹೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಮೇಜಿನ ಮೇಲೆ ಈಗ ಏನೂ ಇರಲಿಲ್ಲ.

"ಸ್ವಲ್ಪ ತಡೀರಿ," ಎಂದರು. "ಇನ್ನೊಂಚೂರು ಹೊತ್ತು ಅಲ್ಲೇ ಇರಿ ಇಬ್ಬರೂ."

"ಮುಗೀತಲ್ಲಮ್ಮ," ಎಂದರು ನನ್ನವರು.

"ಹೌದು, ಮುಗೀತು," ಎಂದರು ಅತ್ತೆಯವರು, ಮುಖ ತಿರುಗಿಸದೆ. ನನ್ನವರು ನನ್ನ ಮುಖ ನೋಡಿದರು. ಬಾಗಿಲು ತೆರೆದೇ ಇತ್ತು. ನಾವು ಇಬ್ಬರೂ ಮೆಟ್ಟಿಲಿಳಿದು ಅಂಗಳಕ್ಕೆ ಬಂದು ನಿಂತೆವು.