ತಿಂಗಳಿಗೊಮ್ಮೆ ಹೊಸ ನಕ್ಷೆ

ಜಗಳೂರಿಗೆ, ಅಣ್ಣನ ಮನೆಗೆ ಹೋದದ್ದು ಯುಗಾದಿಗೆ ಮೊದಲೋ ಆಮೇಲೋ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಣ್ಣನ ಮಗಳು ಪೈಲಟ್ ಆಗಿದ್ದವಳು, ಕಣ್ಣಿನ ಕಾಯಿಲೆ ಬಂದು ಮನೆ ಸೇರಿದ್ದಳು. ಇನ್ನೆಂದೂ ವಿಮಾನ ಹಾರಿಸುವಂತಿಲ್ಲ ಎಂದಿದ್ದರು ಡಾಕ್ಟರು. ಹಾರುವಾಗ ತೊಡೆಗೆ ಕಟ್ಟಿಕೊಳ್ಳುತ್ತಿದ್ದ ಟ್ಯಾಬ್ಲೆಟ್ ಜೊತೆಗಿತ್ತು. ದಾರಿಯ, ರನ್‌ವೇಗಳ ನಕ್ಷೆಗಳೆಲ್ಲ ಅದರಲ್ಲೇ.

"ಅದ್ರಾಗೆ ಒಂದು ಧಾರಾವಾಹಿನಾದ್ರೂ ಹಾಕೇ, ನೋಡಾನ," ಎಂದರು ಅತ್ತಿಗೆ.

"ಜಾಗ ಇಲ್ಲಮ್ಮ, ನಕ್ಷೆ ತುಂಬೈತೆ," ಎಂದಳು. ನಕ್ಕಳೆಂದು ನೆನಪು, ನಗುವನ್ನು ನಾನೇ ಸೇರಿಸಿರಬಹುದು.

ಹಳೆಯ ನಕ್ಷೆ ಇಟ್ಟುಕೊಂಡು ಹಾರುವಂತಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಹೊಸದನ್ನು ಇಳಿಸಿಕೊಳ್ಳಬೇಕಂತೆ. ಅಂದೂ ನನ್ನ ಫೋನಿನಿಂದ ನೆಟ್ ಪಡೆದು ಇಳಿಸಿಕೊಂಡಳು. ಒಂದೊಂದನ್ನೂ ಮುಖದ ಹತ್ತಿರ ಹಿಡಿದು ನೋಡಿದಳು.

ಆಗ ನಾನು ಕೇಳಿದೆ: "ಇನ್ನು ಹಾರಾಕಾಗಲ್ಲ ಅಂದ ಮ್ಯಾಲೆ ಇವೆಲ್ಲ ಯಾಕವ್ವ?"