ಮಿಲ್ಟ್ರಿ ಫಕೀರಪ್ಪನ ಮನೆಗೆ ಸುಣ್ಣ ಹೊಡೆದದ್ದು

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಕೂತಲ್ಲೇ ಮಂಪರು. ಈ ಬೆಳಿಗ್ಗೆ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಕಟ್ಟೆಯ ಮೇಲೆ ಕೂತವಳು ಬಸ್ಸಿಲ್ಲದೆ ತಿಳವಳ್ಳಿಗೆ ಹೋಗಿಬಿಟ್ಟೆ. ಐವತ್ತೆಂಟನೇ ಇಸವಿಯೋ ಐವತ್ತೊಂಬತ್ತೋ ಇರಬೇಕು. ಆಗ ನಾನಲ್ಲಿ ಹೊಸ ಸೊಸೆ. ಶಾಲೆ ಮೂರನೇ ಇಯತ್ತೆಗೇ ಬಿಟ್ಟವಳು, ಬಾಯಿ ಮಾತ್ರ ಏಳನೇದು ಮುಗಿಸಿತ್ತು.

ಓಣಿಯ ಕೊನೆಗೆ ಮಿಲ್ಟ್ರಿ ಫಕೀರಪ್ಪ ಕಾಕಾ ಒಬ್ಬನೇ ಇದ್ದ. ದೊಡ್ಡ ಯುದ್ಧದಲ್ಲಿ ಎರಡೂ ಕಣ್ಣು ಕಳಕೊಂಡು ಬಂದವನು. ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಮನೆಮನೆಯಿಂದ ಪಾಳಿಯ ಮೇಲೆ ಅವನಿಗೆ ರೊಟ್ಟಿ ಹೋಗುತ್ತಿತ್ತು, ಸೋಮವಾರ ನಮ್ಮದು. ಧರ್ಮ ಮಾಡುತ್ತೇವೆಂಬ ಬಿಂಕ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಅವನು ರೊಟ್ಟಿಯ ಮೇಲೆ ಬೆರಳಾಡಿಸಿ, ಇದು ಅತ್ತೆಯದಲ್ಲ, ಅಂಚು ದಪ್ಪ ಇದೆ, ಸೊಸೆಯದು ಅನ್ನುತ್ತಿದ್ದ.

ಒಂದು ಸಲ, ಕಣ್ಣು ಹೋದ ಸೈನಿಕರಿಗೆ ನೆರವಾಗುವ ಪಟ್ಟಣದ ಸಂಘದಿಂದ ಕಾಗದ ಬಂತು. ಸಾಹೇಬರೊಬ್ಬರು ಬಂದು ನೋಡುತ್ತಾರೆ. ಒಬ್ಬನೇ ಬಾಳಬಲ್ಲ ಅನ್ನಿಸಿದರೆ ಹಗ್ಗ ಹೊಸೆಯುವ ಯಂತ್ರ ಕೊಡುತ್ತಾರೆ, ಇಲ್ಲವಾದರೆ ದೂರದ ಆಶ್ರಮಕ್ಕೆ ಒಯ್ಯುತ್ತಾರೆ. ಊರಿನ ಒಂದೊಂದು ಕಲ್ಲೂ ಅವನ ಕಾಲಿಗೆ ಗೊತ್ತಿತ್ತು. ಊರು ಬಿಟ್ಟರೆ ಎರಡನೇ ಸಲ ಕುರುಡನಾದಂತೆಯೇ.

ಅವರು ಬರುವ ದಿನ ಕಾಕಾ ನಸುಕಿಗೇ ಎದ್ದು, ಸಾಹೇಬರನ್ನು ಕರೆತರಲು ಹಾನಗಲ್ಲಿಗೆ ಒಬ್ಬನೇ ಹೋದ. ಇತ್ತ ಓಣಿಯ ಹೆಂಗಸರು ಟೊಂಕ ಕಟ್ಟಿದೆವು. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ನೀರಿನ ಹರವಿಯನ್ನು ಮೂಲೆಗೆ ಸರಿಸಿದೆವು, ಡಬ್ಬಿಗಳನ್ನು ಗೋಡೆಯ ಎತ್ತರದ ಮಾಡದಲ್ಲಿ ಜೋಡಿಸಿದೆವು, ಅವನು ಮಲಗುವ ಹಗ್ಗದ ಹೊರಸನ್ನು ಬಾಗಿಲ ಬಳಿ ಹಾಕಿದೆವು, ಸಾಹೇಬರು ಕೂರಲೆಂದು. ಬಿಸಿಲು ಒಳಗೆ ಬಿದ್ದು ಆ ಮನೆ ಬೆಳ್ಳಗೆ, ಮೋಡದೊಳಗೆ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ತೇಲುತ್ತದೆ.

ಮಧ್ಯಾಹ್ನ ಕಾಕಾ ಸಾಹೇಬರಿಗಿಂತ ಮುಂದಾಗಿ ಠೀವಿಯಿಂದ ಒಳಗೆ ಬಂದ. ಹೊರಸು ಕಾಲಿಗೆ ತಾಗಿ ಬಿದ್ದ. ಎದ್ದು ಹರವಿಗೆ ಕೈ ಚಾಚಿದ, ಹರವಿ ಇಲ್ಲ. ಹಸಿ ಗೋಡೆಗೆ ಅಂಗೈ ಊರಿ ನಿಂತುಬಿಟ್ಟ. ಸಾಹೇಬರು ಪೆನ್ನು ತೆಗೆದರು.

"ಬರಿಬ್ಯಾಡ್ರಿ ಸಾಹೇಬ್ರ," ಅಂದೆ. "ತಪ್ಪು ಕಾಕಾಂದಲ್ಲ. ಸಾಮಾನೆಲ್ಲಾ ಸರಿಸಿದವ್ರು ನಾವು."

ಪರಗಂಡಸಿನೆದುರು ಬಾಯಿ ಬಿಟ್ಟದ್ದಕ್ಕೆ ಅತ್ತೆ ಹಿಂದಿನಿಂದ ಚಿವುಟಿದಳು. ಕಾಕಾ ನನ್ನ ದನಿಯತ್ತ ತಿರುಗಿದ.

"ಕಣ್ಣಷ್ಟ ಹೋಗ್ಯಾವ ತಂಗಿ. ನನ್ನ ಒಂದ ಮಾತು ಕೇಳಬೇಕಿತ್ತಲ್ಲ."

ಹಾಗಾದರೆ ಎಲ್ಲ ಇದ್ದಲ್ಲೇ ಇಡಿ, ಆಮೇಲೆ ನೋಡೋಣ ಎಂದರು ಸಾಹೇಬರು. ಯಾವುದು ಎಲ್ಲಿತ್ತೆಂದು ನಮ್ಮಲ್ಲಿ ಒಬ್ಬಳಿಗೂ ನೆನಪಿರಲಿಲ್ಲ, ಹತ್ತು ಕಣ್ಣಿದ್ದೂ. ಅವನೇ ಹುಕುಂ ಕೊಟ್ಟ: ಹರವಿ ಬಾಗಿಲಿಂದ ನಾಲ್ಕು ಹೆಜ್ಜೆ, ಚಹಾದ ಡಬ್ಬಿ ಒಲೆಯ ಬಲಕ್ಕೆ. ನಾವು ಐವರೂ ಕವಾಯತು ಮಾಡಿದೆವು. ಆಮೇಲೆ ಅವನು ಒಲೆ ಹೊತ್ತಿಸಿ, ಹನಿ ಚೆಲ್ಲದೆ ಚಹಾ ಸೋಸಿ ಸಾಹೇಬರಿಗೆ ಕೊಟ್ಟ. ಬಳೆಯ ಸಪ್ಪಳ ಹಿಡಿದು ನಮಗೂ ಕೊಟ್ಟ. ಗಂಡಸು ಕಾಸಿದ ಚಹಾ ಅಲ್ಲಿಯವರೆಗೆ ನಾನು ಕುಡಿದಿರಲಿಲ್ಲ. ಸಕ್ಕರೆ ಜಾಸ್ತಿಯಾಗಿತ್ತು.

ಸುಗ್ಗಿ ಮುಗಿಯುವುದರೊಳಗೆ ಯಂತ್ರ ಬಂತು. ಸಾಯುವವರೆಗೂ ಅವನು ಆ ಮನೆಯಲ್ಲೇ ಇದ್ದ.

ಈಗ ನೋಡಿ, ಪಕ್ಕದ ಮನೆಯ ಮುದುಕಿಯನ್ನು ಬೀದಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದಾರೆ. ಅವಳ ಟ್ರಂಕನ್ನು ಅಟ್ಟಕ್ಕೆ ಏರಿಸುತ್ತಿದ್ದಾರೆ. ನನಗೇಕೆ ಊರ ಉಸಾಬರಿ ಅಂದುಕೊಂಡೆ. ಆದರೂ ಎದ್ದು ಹೋಗಿ, ಟ್ರಂಕು ಎಲ್ಲಿಡಬೇಕವ್ವಾ ಎಂದು ಅವಳನ್ನೇ ಕೇಳಿದೆ. ಅವಳು ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. ಆಮೇಲೆ, ಮಂಚದ ಕೆಳಗೆ, ಅಂದಳು.