ಅಂಬರಾಯ ಮದರಾಸಿಗೆ ಹೋದದ್ದು

ವಾಡಿ ಸ್ಟೇಷನ್ನಿನಲ್ಲಿ ಅಂಬರಾಯನ ಕೈನೀರು ಕುಡಿಯದೆ ಮದರಾಸಿಗೆ ಹೋದವರು ಆ ಕಾಲದಲ್ಲಿ ಕಡಿಮೆ. ಅವನ ಅಪ್ಪ ಕಾಗಿಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದವನು. ಮಗ ನದಿ ಬಿಟ್ಟು ರೈಲಿನವರಿಗೆ ನೀರು ಕೊಡುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ತಂಬಿಗೆ. ಕಿಟಕಿಯಿಂದ ಚಾಚಿದ ಬೊಗಸೆಗೆ ಮೊಳದೆತ್ತರದಿಂದ ಸುರಿದರೂ ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಇದನ್ನು ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದ, ಆದರೆ ಸುಳ್ಳೇನೂ ಅಲ್ಲ.

ದೂರ ಪ್ರಯಾಣದ ವಿಷಯದಲ್ಲಿ ಅವನ ಸಲಹೆ ಕೇಳದೆಯೂ ಸಿಗುತ್ತಿತ್ತು. ಶಹಾಬಾದಿನ ಫರ್ಶಿಕಲ್ಲಿನ ವ್ಯಾಪಾರಿಗಳಿಗೆ, "ರಾಯಚೂರಾಗ ನೀರ ಬೆಚ್ಚಗಿರ್ತದ. ಇಲ್ಲೇ ಹೂಜಿ ತುಂಬಿಸ್ಕೊಂಡು ಹೋಗ್ರಿ" ಎನ್ನುತ್ತಿದ್ದ. ರಾಯಚೂರನ್ನು ಅವನು ನೋಡಿರಲಿಲ್ಲ. ರೈಲಿನೊಳಗೆ ಕುಳಿತು ಅವನು ಹೋದ ಅತಿ ದೂರದ ಊರೆಂದರೆ ಸೇಡಂ ದಾಟಿದ ಮೇಲೆ ಬರುವ ಕುರಕುಂಟಾ. ಅದು ಅವನ ಹೆಂಡತಿ ಮಾಣಿಕಮ್ಮನ ತವರು.

ನಿಜಾಮರ ರೈಲು ಹೋಗಿ ಸರ್ಕಾರದ ರೈಲಾದ ಎರಡನೆಯ ವರ್ಷ, ಅಂದರೆ ೧೯೫೩ರಲ್ಲಿ, ಅವನಿಗೆ ಒಂದು ಪಾಸು ಬಂತು. ಗಂಡ ಹೆಂಡತಿ ಮದರಾಸಿಗೆ ಹೋಗಿ ಬರಬಹುದು. ನಾಲ್ಕು ದಿನ ರಜೆ. ಮದರಾಸೇ ಯಾಕೆ ಎಂದು ಹೆಂಡತಿ ಕೇಳಿದಳು. "ಇಷ್ಟು ವರ್ಷ ಮಂದಿಗಿ ಅಲ್ಲಿಗಿ ಕಳಿಸೀನಿ. ಎಲ್ಲಿಗಿ ಹೋಗ್ತಾರಂತ ಒಮ್ಮೆರ ನೋಡಬ್ಯಾಡೇನು?" ಎಂದ.

ಎಕ್ಸ್‌ಪ್ರೆಸ್ಸಿನಲ್ಲಿ ಅವರ ಎದುರಿಗೆ ಕುಳಿತವಳು ಶಹಾಬಾದಿನ ಕಮರುನ್ನೀಸಾ. ವಯಸ್ಸಾದ ಹೆಂಗಸು, ಮದರಾಸಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದಳು. ಗಾಡಿ ಕೃಷ್ಣಾ ಸೇತುವೆ ದಾಟುವಷ್ಟರಲ್ಲಿ ಹೆಂಗಸರಿಬ್ಬರೂ ಶೇಂಗಾ ಚಟ್ನಿ, ಉಪ್ಪಿನಕಾಯಿ ಹಂಚಿಕೊಂಡು ಆಗಿತ್ತು. ಅಂಬರಾಯ ಮಾತ್ರ ಕೂತಲ್ಲಿ ಕೂರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು, ಅಲ್ಲಿನ ನೀರು ಕುಡಿದು, ಮುಖ ಹುಳ್ಳಗೆ ಮಾಡಿಕೊಂಡು ಹತ್ತುತ್ತಿದ್ದ.

"ಬಕೆಟ್ಟಿಗಿ ಮುಚ್ಚಳಿಲ್ಲ. ಇವರೆಂಥ ನೀರಿನವರು?" ಎಂದ ರಾಯಚೂರಿನಲ್ಲಿ.

"ನೀವು ರಜಾದ ಮ್ಯಾಲ ಇದ್ದೀರಿ" ಎಂದಳು ಮಾಣಿಕಮ್ಮ.

ಸಂಜೆ ಹೊತ್ತಿಗೆ ಗುಂತಕಲ್ಲು ಬಂತು. ಅಲ್ಲಿ ಗಾಡಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿನ ನೀರಿನವನು ತಮ್ಮಣ್ಣ ಎಂಬ ಮುದುಕ. ಕೈ ನಡುಗುತ್ತಿದ್ದರಿಂದ ಅವನು ಹೊಯ್ದ ನೀರು ಅರ್ಧ ಬೊಗಸೆಗೆ, ಅರ್ಧ ಪ್ರಯಾಣಿಕರ ತೋಳಿಗೆ ಬೀಳುತ್ತಿತ್ತು. ಅಂಬರಾಯ ಎರಡು ಕಿಟಕಿಯವರೆಗೆ ತಡೆದುಕೊಂಡ. ಮೂರನೆಯದಕ್ಕೆ ಆಗಲಿಲ್ಲ.

"ಇಲ್ಲಿ ಕೊಡ್ರಿ ಯಜಮಾನ್ರ. ನೀವು ಜರಾ ಕುಂದ್ರಿ."

ತಮ್ಮಣ್ಣ ಸಂತೋಷದಿಂದ ಕುಳಿತ. ಅಂಬರಾಯ ಗಾಡಿಯ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ನೀರು ಕೊಡುತ್ತ ಹೋದ. ಕೂಸು ಎತ್ತಿಕೊಂಡ ಹೆಂಗಸಿನ ಚೊಂಬು ತುಂಬಿಸಿದ, ಬಾಯಾರಿ ಬಂದ ಒಬ್ಬ ಟಿಕೆಟ್ ಪರೀಕ್ಷಕನಿಗೂ ಹೊಯ್ದ. ಅಷ್ಟರಲ್ಲಿ ಗಾಡಿಯ ಸೀಟಿ ಕೇಳಿಸಿತು. ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ ಅವನ ಮೈ ತಾನಾಗಿ ಮಾಡಿತು. ಬಕೆಟ್ಟು ಕೆಳಗಿಟ್ಟ, ಎರಡು ಹೆಜ್ಜೆ ಹಿಂದೆ ಸರಿದ, ಹೊರಟ ಗಾಡಿಗೆ ಕೈ ಎತ್ತಿದ. ಕಿಟಕಿಯಲ್ಲಿ ಮಾಣಿಕಮ್ಮನ ಮುಖ ಸರಿದುಹೋಯಿತು. ಅವಳಿಗೂ ಕೈ ಎತ್ತಿದ. ಕೊನೆಯ ಡಬ್ಬಿ ಪ್ಲಾಟ್‌ಫಾರ್ಮು ದಾಟಿದ ಮೇಲೆ ಅಂಗಿಯ ಕಿಸೆಯಲ್ಲಿದ್ದ ಪಾಸು ಕೈಗೆ ತಾಗಿತು. ಆಗ ಅವನಿಗೆ ನೆನಪಾಯಿತು, ತಾನೂ ಆ ಗಾಡಿಯವನೇ ಎಂದು.

ಗಂಡ ಹಿಂದಿನ ಡಬ್ಬಿ ಹತ್ತಿರಬೇಕು ಎಂದುಕೊಂಡು ಮಾಣಿಕಮ್ಮ ಸ್ವಲ್ಪ ಹೊತ್ತು ನೆಮ್ಮದಿಯಾಗಿದ್ದಳು. ಎಷ್ಟು ಹೊತ್ತಾದರೂ ಅವನು ಬಾರದಿದ್ದಾಗ, ಅಲ್ಲೇ ಉಳಿದನೆಂದು ತಿಳಿಯಿತು. ಗುತ್ತಿ ಸ್ಟೇಷನ್ನು ಇನ್ನೂ ದೂರವಿರುವಾಗಲೇ ಟಿಕೆಟ್ ಪರೀಕ್ಷಕ ಬಂದ. ಅವನು ಕೇಳಿದ್ದು ತೆಲುಗಿನಲ್ಲಿ. ತೆಲುಗು ಸೀಮೆಯ ಅಂಚಿನ ಕುರಕುಂಟಾದ ಹೆಣ್ಣಿಗೆ ತೆಲುಗು ಬಾರದೆ ಇರುತ್ತದೆಯೆ? ಪಾಸು ಯಜಮಾನರ ಕಿಸೆಯಲ್ಲಿದೆ ಎಂದಳು. ಯಜಮಾನರು ಎಲ್ಲಿ ಎಂದು ಅವನು ಕೇಳಿದ. ಗುಂತಕಲ್ಲಿನಲ್ಲಿ ನೀರು ಕೊಡುತ್ತಿದ್ದಾರೆ ಎಂದಳು.

ಪರೀಕ್ಷಕ ಅವಳನ್ನೇ ನೋಡಿದ. "ಬಿಳಿ ಮೀಸೆ, ಹಳದಿ ರುಮಾಲು? ಒಂದು ಹನಿ ಚೆಲ್ಲದ ಹಾಗೆ ಹೊಯ್ಯುವವರು?"

"ಅವರೇ" ಎಂದಳು. ಇಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಕಮರುನ್ನೀಸಾ ಅವಳ ಕೈ ಹಿಡಿದುಕೊಂಡಳು.

"ಫಿಕರ್ ಮಾಡಬ್ಯಾಡವ್ವ. ನಮ್ಮ ಮಗಳ ಮನಿ ಅದ. ನಿಮ್ಮ ಆದ್ಮಿ ನಾಳಿ ಗಾಡಿಗಿ ಬರ್ತಾನ. ನೀರ ಕೊಡೋದು ಸವಾಬಿನ ಕೆಲಸ, ಪುಣ್ಯದ ಕೆಲಸ ಅದ, ಬೈಬ್ಯಾಡ."

"ಬೈಯಂಗಿಲ್ರಿ" ಎಂದಳು ಮಾಣಿಕಮ್ಮ ಕಣ್ಣೊರೆಸಿಕೊಂಡು. "ಮನಿಗಿ ಹೋಗೋತನಕ ಬೈಯಂಗಿಲ್ಲ."

ಪರೀಕ್ಷಕ ಗುತ್ತಿಯಿಂದ ತಂತಿ ಕೊಡಿಸಿದ. ಹೆಂಡತಿ ಕ್ಷೇಮ, ಯಾರ ಜೊತೆಗಿದ್ದಾಳೆ, ನಾಳೆಯ ಎಕ್ಸ್‌ಪ್ರೆಸ್ಸಿಗೆ ಹತ್ತಬೇಕು, ಇಷ್ಟನ್ನೂ ಗುಂತಕಲ್ಲಿನ ಸ್ಟೇಷನ್ ಮಾಸ್ತರರು ಅಂಬರಾಯನಿಗೆ ಓದಿ ಹೇಳಿದರು. ಮರುದಿನ ಇಡೀ ಅವನು ತಮ್ಮಣ್ಣನ ಕೆಲಸ ಮಾಡಿಕೊಟ್ಟ. ಆದರೆ ಎಕ್ಸ್‌ಪ್ರೆಸ್ಸು ಬಂದು ನಿಂತಾಗ ಬಕೆಟ್ಟಿನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ಕುಳಿತ. ಮದರಾಸಿನವರೆಗೆ ಇಳಿಯಲಿಲ್ಲ. ನೀರೂ ಕುಡಿಯಲಿಲ್ಲ.

ಬೆಳಿಗ್ಗೆ ಮದರಾಸಿನ ಪ್ಲಾಟ್‌ಫಾರ್ಮಿನ ಮೇಲೆ ಮಾಣಿಕಮ್ಮ ಕಮರುನ್ನೀಸಾಳ ಅಳಿಯ ಅಬ್ದುಲ್ ಕರೀಮನ ಜೊತೆ ನಿಂತಿದ್ದಳು. ತಲೆ ತುಂಬ ಮಲ್ಲಿಗೆ. ಅಂಬರಾಯ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ.

"ಊಟ ಮಾಡಿದ್ಯಾ?" ಎಂದ.

"ನಿನ್ನಿ ಸಂಜಿಕ ಸಮುದ್ರ ನೋಡಿ ಬಂದೆ" ಎಂದಳು ಅವಳು.

ಕರೀಮನ ಮನೆ ತಿರುವಲ್ಲಿಕ್ಕೇಣಿಯಲ್ಲಿ, ಅಲ್ಲಿಂದ ಸಮುದ್ರ ನಡೆದು ಹೋಗುವಷ್ಟು ಹತ್ತಿರ. ವಾಪಸ್ಸು ಗಾಡಿ ಅಂದೇ ಸಂಜೆಗಿತ್ತು. ಬನ್ನಿ, ಊಟ ಮಾಡಿ ಸಮುದ್ರ ನೋಡಿ ಬರಬಹುದು ಎಂದು ಕರೀಮ್ ಕರೆದ. ಅಂಬರಾಯ ಒಪ್ಪಲಿಲ್ಲ. ಇನ್ನೊಮ್ಮೆ ಗಾಡಿ ತಪ್ಪಿದರೆ ವಾಡಿಯಲ್ಲಿ ಮುಖ ತೋರಿಸುವುದು ಹೇಗೆ? ಪಾಸನ್ನು ಹೆಂಡತಿಯ ಕೈಗೆ ಕೊಟ್ಟು, ಅವಳು ತಂದಿದ್ದ ಗಂಟಿನ ಮೇಲೆ ಕುಳಿತ. ಸಂಜೆಯವರೆಗೆ ಕುಳಿತೇ ಇದ್ದ. ಮಾಣಿಕಮ್ಮ ಬುತ್ತಿ ಬಿಚ್ಚಿ ಅಲ್ಲೇ ಊಟ ಹಾಕಿದಳು.

ವಾಪಸ್ಸು ಬರುವಾಗ ಅವನು ಕೇಳಿದ. "ಹ್ಯಾಂಗದ ಸಮುದ್ರ?"

"ಭಾಳ ದೊಡ್ಡದು. ಆಚಿ ದಂಡಿ ಕಾಣಂಗಿಲ್ಲ."

"ನೀರ?"

"ಉಪ್ಪು. ಬಾಯಾಗ ಇಡಾಕ ಆಗಂಗಿಲ್ಲ."

ಅಂಬರಾಯನಿಗೆ ಎಷ್ಟೋ ಸಮಾಧಾನವಾಯಿತು.

ಆ ವರ್ಷವೆಲ್ಲ ವಾಡಿಯಲ್ಲಿ ಯಾರು ಕೇಳಿದರೂ ಅವನು ಮದರಾಸ್ ಸ್ಟೇಷನ್ನಿನ ನಳಗಳ ಬಗ್ಗೆ ಹೇಳುತ್ತಿದ್ದ. ಸಮುದ್ರದ ಮಾತು ಬಂದರೆ, "ಅದರದು ನಮ್ಮ ಮನ್ಯಾಗ ಕೇಳ್ರಿ" ಎನ್ನುತ್ತಿದ್ದ.

ಮುಂದಿನ ವರ್ಷ ಇಬ್ಬರೂ ಮತ್ತೆ ಹೊರಟರು, ಕಮರುನ್ನೀಸಾಳ ಮೊಮ್ಮಗನಿಗೆ ಕುಂಚಿಗೆ ಹೊಲಿದುಕೊಂಡು. ಗುಂತಕಲ್ಲಿನಲ್ಲಿ ಮಾಣಿಕಮ್ಮ ಅವನ ಧೋತರದ ಅಂಚು ಹಿಡಿದು ಕುಳಿತಿದ್ದಳಂತೆ. ಮರುದಿನ ಸಂಜೆ ಅವನು ಮಂಡಿಯವರೆಗೆ ಸಮುದ್ರದಲ್ಲಿ ಇಳಿದು ನಿಂತ. ಹರಿಗೋಲಿನವನ ಮಗ, ಎದುರಿನ ದಡಕ್ಕಾಗಿ ತುಂಬ ಹೊತ್ತು ಹುಡುಕಿದ. ದೀಪ ಹಚ್ಚುವ ಹೊತ್ತಾಯಿತು ಎಂದು ಹೆಂಡತಿ ಮೂರು ಸಲ ಕೂಗಿ ಕರೆಯಬೇಕಾಯಿತು.